ಕಪಾಟು ಕಾಣವಲ್ದು, ಅಜ್ಜಾ!

ಹೋದ ರವಿವಾರ ಮುಂಜಾನೆ ಪೇಪರು ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಒಳಗಿನಿಂದ ಮೊಮ್ಮಗಳ ದನಿ ಬಂತು.

"ಅಜ್ಜಾ, ಕಪಾಟು ಕಾಣವಲ್ದು!"

ನಮ್ಮ ಮನೆಯಲ್ಲಿ ಕಪಾಟು ಎಂದರೆ ಕಟ್ಟಿಗೆಯದಲ್ಲ. ಟಿವಿಯ ಬಗಲಿಗೆ, ಇಂಟರ್‌ನೆಟ್ ಡಬ್ಬಿಯ ಪಕ್ಕದಲ್ಲಿ ಒಂದು ಕರಿಯ ಪೆಟ್ಟಿಗೆ ಇದೆ. ಎರಡು ಇಟ್ಟಂಗಿ ಜೋಡಿಸಿಟ್ಟಷ್ಟು ಗಾತ್ರ. ಒಳಗೆ ಎರಡು ಹಾರ್ಡ್ ಡಿಸ್ಕ್. ಅಂಗಡಿಯವರು ಅದಕ್ಕೆ ನ್ಯಾಸ್ ಅನ್ನುತ್ತಾರೆ. ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್ ಎಂಬ ಉದ್ದ ಹೆಸರಿನ ಗಿಡ್ಡ ರೂಪ ಅದು. ಪೆನ್‌ಡ್ರೈವ್ ಆದರೆ ಒಬ್ಬರ ಜೇಬಿನಲ್ಲಿ ಇರುತ್ತದೆ, ಇನ್ನೊಬ್ಬರು ಬೇಡಬೇಕು. ಈ ಪೆಟ್ಟಿಗೆ ಮನೆಯ ನೆಟ್‌ವರ್ಕಿನಲ್ಲಿ ಕೂತಿರುತ್ತದೆ. ನನ್ನ ಹಳೆಯ ಕಂಪ್ಯೂಟರಿನಿಂದ, ಟಿವಿಯಿಂದ, ಮೊಬೈಲಿನಿಂದ, ಯಾವುದರಿಂದ ಬೇಕಾದರೂ ಅದರ ಬಾಗಿಲು ತೆಗೆಯಬಹುದು. ಎಲ್ಲರ ಸಾಮಾನೂ ಅದರೊಳಗೇ ಇರುವುದರಿಂದ ಮೊಮ್ಮಗಳು ಅದಕ್ಕೆ ಕಪಾಟು ಎಂದು ಹೆಸರಿಟ್ಟಳು. ಅದೇ ನಿಂತಿತು.

ಕಪಾಟಿನಲ್ಲಿ ಏನಿದೆ ಅಂತೀರಾ? ಮದುವೆ, ಜಾವಳ, ಬಾದಾಮಿ ಐಹೊಳೆಯ ಟ್ರಿಪ್ಪು, ಇಳಕಲ್ಲಿನ ನನ್ನ ತಂಗಿಯ ಮನೆಯ ಮಗ್ಗದ ವಿಡಿಯೊ. ಇವೆಲ್ಲ ಹೋದರೆ ಬೇಜಾರು, ಅಷ್ಟೆ. ಆದರೆ ಇನ್ನೊಂದು ಫೋಲ್ಡರ್ ಇದೆ, 'ಹಳೇ ಮನಿ' ಅಂತ. ಹಳೇ ಬಾಗಲಕೋಟೆಯಲ್ಲಿದ್ದ ನಮ್ಮ ಮನೆಯ ಹನ್ನೊಂದು ಫೋಟೊ ಅದರಲ್ಲಿವೆ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯಗುಂಟ ಮೇಲೇರಿ ಊರಿನ ತಗ್ಗು ಭಾಗಕ್ಕೆ ಬಂದಾಗ ಆ ಮನೆ ಹೋಯಿತು. ನಾವು ನವನಗರಕ್ಕೆ ಬಂದೆವು. 519.60 ಮೀಟರ್ ಎಂಬ ಅಂಕಿ ನಮ್ಮ ಕಡೆಯ ಹಿರಿಯರಿಗೆಲ್ಲ ಬಾಯಿಪಾಠ, ಅಣೆಕಟ್ಟೆಯಲ್ಲಿ ನೀರು ನಿಲ್ಲುವ ಎತ್ತರ ಅದು. ಫೋಟೊಗಳನ್ನು ಸ್ಕ್ಯಾನ್ ಮಾಡಿಸಿದ ಮರುವರ್ಷ ಟ್ರಂಕಿಗೆ ಗೆದ್ದಲು ಹತ್ತಿ ಕಾಗದದ ಪ್ರತಿಗಳೂ ಹಾಳಾದವು. ಅಂದರೆ ಆ ಮನೆ ಈಗ ಇರುವುದು ಕಪಾಟಿನೊಳಗೆ ಮಾತ್ರ.

ಮೊಮ್ಮಗಳಿಗೆ ಸೋಮವಾರ ಸಾಲಿಯಲ್ಲಿ 'ನಮ್ಮೂರು ಅಂದು ಇಂದು' ಎಂಬ ಪ್ರಾಜೆಕ್ಟ್ ಕೊಡಬೇಕಿತ್ತು. ಅವಳಿಗೆ ಬೇಕಾದದ್ದು ಅದೇ ಫೋಲ್ಡರ್.

ನಾನು ಎದ್ದು ಹೋಗಿ ಮೊದಲು ನನ್ನ ಹಳೆಯ ಕಂಪ್ಯೂಟರಿನಲ್ಲಿ ನೋಡಿದೆ. ಅಲ್ಲೂ ಇಲ್ಲ. ಟಿವಿಯಲ್ಲೂ ಇಲ್ಲ. ಮಕ್ಕಳೇ, ಈ ಒಂದು ಪರೀಕ್ಷೆಯನ್ನು ಯಾವಾಗಲೂ ಮೊದಲು ಮಾಡಿ. ಒಂದು ಯಂತ್ರಕ್ಕೆ ಮಾತ್ರ ಕಾಣದಿದ್ದರೆ ತೊಂದರೆ ಆ ಯಂತ್ರದ್ದು. ಯಾವುದಕ್ಕೂ ಕಾಣದಿದ್ದರೆ ಪೆಟ್ಟಿಗೆಯದ್ದು, ಇಲ್ಲವೇ ನಡುವಿನ ದಾರಿಯದ್ದು. ಇಷ್ಟು ತಿಳಿದರೆ ಅರ್ಧ ಹುಡುಕಾಟ ಉಳಿಯುತ್ತದೆ.

ಇಷ್ಟು ಬುದ್ಧಿ ಇದ್ದ ನಾನು ಮುಂದೆ ಮಾಡಿದ್ದು ಮಾತ್ರ ದಡ್ಡ ಕೆಲಸ. ಹುನಗುಂದದಿಂದ ಸಣ್ಣ ಮಗ ಬಂದಿದ್ದ, ಮೊಮ್ಮಗಳ ಕಾಕಾ. ಅವನು ಪೆಟ್ಟಿಗೆ ನೋಡಿ, "ಅಪ್ಪಾ, ಇದರ ಡಿಸ್ಕ್ ತಗದು ಸೀದಾ ಲ್ಯಾಪ್‌ಟಾಪಿಗೆ ಹಚ್ಚಿಬಿಡೂಣು, ಫೋಟೊ ಬರ್ತಾವು" ಅಂದ. ನನಗೂ ಸರಿ ಅನ್ನಿಸಿತು. ಪೆಟ್ಟಿಗೆ ಆರಿಸಿ, ಒಂದು ಡಿಸ್ಕ್ ಎಳೆದು, ಯುಎಸ್‌ಬಿ ವಾಯರಿನಿಂದ ಲ್ಯಾಪ್‌ಟಾಪಿಗೆ ಹಚ್ಚಿದೆವು. ಪರದೆಯ ಮೇಲೆ ಒಂದು ಚೌಕ ಬಂತು. ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಕಾಕಾನ ಬೆರಳು ಮೌಸಿನ ಮೇಲೆ ಇತ್ತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಯಿ ಅಂದಳು, "ಅದೇನ ಕೇಳತೈತಿ ಅಂತ ತಿಳೀದ ಹೂಂ ಅನಬ್ಯಾಡ್ರಿ."

ಆಯಿಗೆ ಕಂಪ್ಯೂಟರ್ ಬಾರದು. ಆದರೆ ಆ ಒಂದು ಮಾತಿನಿಂದ ಹನ್ನೊಂದು ಫೋಟೊ ಇದ್ದ ಡಿಸ್ಕ್ ಉಳಿಯಿತು. ಫಾರ್ಮ್ಯಾಟ್ ಎಂದರೆ ಪಾಟಿ ಒರೆಸುವುದು. ಹೂಂ ಅಂದಿದ್ದರೆ ಹೊಸದಾಗಿ ಬರೆಯಲು ಖಾಲಿ ಪಾಟಿ ಸಿಗುತ್ತಿತ್ತು, ಹಳೆಯ ಬರಹ ಇಲ್ಲ.

ತುಂಬಿದ ಡಿಸ್ಕನ್ನು ಖಾಲಿ ಎಂದು ಲ್ಯಾಪ್‌ಟಾಪ್ ಯಾಕೆ ತಿಳಿಯಿತು? ಮೊಮ್ಮಗಳಿಗೆ ಬಾದಾಮಿಯ ನೆನಪು ಮಾಡಿಕೊಟ್ಟೆ. ಅಗಸ್ತ್ಯ ತೀರ್ಥದ ಆಚೆ, ತಟ್ಟುಕೋಟೆಯ ಹತ್ತಿರ, ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು ಕ್ರಿ.ಶ. 700ರದ್ದು. ಕನ್ನಡದ ತ್ರಿಪದಿ ಸಿಗುವ ಬಹು ಹಳೆಯ ಶಾಸನ ಅದು. ಹೋದ ವರ್ಷ ಅದರ ಮುಂದೆ ನಿಂತಾಗ ಇವಳು, "ಅಜ್ಜಾ, ಇದು ಕನ್ನಡ ಅಲ್ಲ, ಗೆರಿ ಕೊರದಾರ" ಅಂದಿದ್ದಳು. ಅದು ಕನ್ನಡವೇ. ಇವಳಿಗೆ ಆ ಕಾಲದ ಲಿಪಿ ಬಾರದು, ಅಷ್ಟೆ. ಹಾಗೆಂದು ಬಂಡೆಯನ್ನು ಉಜ್ಜಿ ನುಣುಪು ಮಾಡಿಬಿಡೋಣ ಅಂದರೆ? ವಿಂಡೋಸ್ ಕೇಳಿದ್ದು ಅದನ್ನೇ. ವಿಂಡೋಸಿಗೆ ಗೊತ್ತಿರುವ ಬರವಣಿಗೆ ಎನ್‌ಟಿಎಫ್‌ಎಸ್ ಮೊದಲಾದ ಕೆಲವು. ಇಂಥ ಪೆಟ್ಟಿಗೆಗಳೊಳಗೆ ಸಾಮಾನ್ಯವಾಗಿ ಲಿನಕ್ಸ್ ಇರುತ್ತದೆ, ಅದು ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್ ಎಂಬ ರೀತಿಯಲ್ಲಿ ಬರೆದಿಡುತ್ತದೆ. ಓದಲು ಬಾರದ್ದನ್ನು ವಿಂಡೋಸ್ ಖಾಲಿ ಎಂದು ಬಗೆಯಿತು.

ಡಿಸ್ಕನ್ನು ಇದ್ದ ಜಾಗದಲ್ಲಿ ಇದ್ದ ಹಾಗೆ ಕೂರಿಸಿ ಪೆಟ್ಟಿಗೆ ಚಾಲೂ ಮಾಡಿದೆ. ಅದು ಗುಂಯ್ ಅಂದು ಎದ್ದು ದೀಪ ಹಚ್ಚುವವರೆಗಿನ ಮೂರು ನಿಮಿಷ ನನಗೆ ಮೂರು ತಾಸು. ಎರಡೂ ಡಿಸ್ಕಿನ ದೀಪ ಹಸಿರು. ಸಾಮಾನು ಒಳಗಿದೆ ಎಂದಾಯಿತು. ಹಾಗಾದರೆ ತಪ್ಪಿದ್ದು ದಾರಿ.

ಇಲ್ಲಿ ಇಳಕಲ್ ಸೀರೆಯ ಮಾತು ಬಂತು. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆ ಸಿದ್ಧ ಮಾಡುತ್ತಾರೆ. ಆಮೇಲೆ ಎಳೆಯ ಕುಣಿಕೆಗೆ ಎಳೆಯ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೇ ಕೊಂಡಿ ಅನ್ನುವುದು. ತೋಪು ತೆನೆಯ ಸೆರಗು ಒಡಲಿಗೆ ಸೇರುವುದು ಹೀಗೆ. ಕಂಪ್ಯೂಟರಿನ ಲಿಂಕಿಗೂ ಈಗ ಕನ್ನಡದಲ್ಲಿ ಕೊಂಡಿ ಎಂದೇ ಬರೆಯುತ್ತಾರೆ. ಆ ಮಾತನ್ನು ಮೊದಲು ಬಳಸಿದವರು ಇಳಕಲ್ ಕಂಡಿದ್ದರೋ ಇಲ್ಲವೋ, ಒಳ್ಳೆಯ ಮಾತಂತೂ ಹೌದು. ಲ್ಯಾಪ್‌ಟಾಪಿಗೂ ಕಪಾಟಿಗೂ ನಡುವೆ ನಾಲ್ಕಾರು ಕೊಂಡಿಗಳಿವೆ. ಯಾವುದು ಕಳಚಿದೆ ಎಂದು ಒಂದು ತುದಿಯಿಂದ ಮುಟ್ಟುತ್ತ ಹೋಗಬೇಕು. ನಡುವೆಯೇ ಕೈ ಹಾಕಿದರೆ ನಾವು ಡಿಸ್ಕ್ ಎಳೆದ ಹಾಗೆ ಆಗುತ್ತದೆ.

"ಕಡೀಕ ಯಾವತ್ತು ಕಂಡಿತ್ತು ತಂಗಿ?" ಎಂದು ಕೇಳಿದೆ.

"ಬುಧವಾರ, ಅಜ್ಜಾ. ಆಯಿ ಜೋಡಿ ಟಿವಿಯೊಳಗ ಅತ್ತಿ ಮದುವಿ ನೋಡೀವಿ."

"ಆಮ್ಯಾಲೆ ಮನಿಯೊಳಗ ಏನ ಬದಲಾತು?"

ಅವಳು ಹುಬ್ಬು ಗಂಟು ಹಾಕಿ ಯೋಚಿಸಿ, "ಗುರುವಾರ ನೆಟ್ಟಿನವರು ಬಂದು ಹೊಸಾ ಡಬ್ಬಿ ಕುಂದರಿಸಿ ಹ್ವಾದ್ರು" ಅಂದಳು. ನಾವ್ಯಾರೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಇಂಟರ್‌ನೆಟ್ ಚೆನ್ನಾಗಿ ಬರುತ್ತಿತ್ತಲ್ಲ, ಹೊಸ ಡಬ್ಬಿಯ ಮೇಲೆ ಅನುಮಾನ ಯಾಕೆ ಬರಬೇಕು?

ಮೊದಲ ಕೊಂಡಿ ವಾಯರು. ಕಪಾಟಿನಿಂದ ಡಬ್ಬಿಗೆ ಬರುವ ವಾಯರಿನ ತುದಿಯಲ್ಲಿ ಸಣ್ಣ ದೀಪ ಮಿಣಮಿಣ ಅನ್ನಬೇಕು. ಅನ್ನುತ್ತಿತ್ತು. ಇದು ಸರಿ.

ಎರಡನೆಯದು ವೈಫೈ. ಹೊಸ ಡಬ್ಬಿ ಎರಡು ಹೆಸರಿನ ವೈಫೈ ಕೊಡುತ್ತಿತ್ತು, ಒಂದು ಮನೆಯವರಿಗೆ, ಒಂದು ಗೆಸ್ಟ್ ಎಂದು ಅತಿಥಿಗಳಿಗೆ. ಲ್ಯಾಪ್‌ಟಾಪ್ ಗೆಸ್ಟಿಗೆ ಸೇರಿಕೊಂಡಿತ್ತು. ಹೊರಗಿನವರು ಬಂದರೆ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಡುತ್ತೇವೆ, ಒಳಕೋಣೆಯ ತಿಜೋರಿ ತೋರಿಸುವುದಿಲ್ಲ. ಗೆಸ್ಟ್ ವೈಫೈಯೂ ಹಾಗೆಯೇ. ಇಂಟರ್‌ನೆಟ್ ಎಂಬ ಚಹಾ ಸಿಗುತ್ತದೆ, ಮನೆಯ ಬೇರೆ ಯಂತ್ರಗಳು ಕಾಣುವುದಿಲ್ಲ. ಲ್ಯಾಪ್‌ಟಾಪನ್ನು ಮನೆಯ ವೈಫೈಗೆ ತಂದೆವು. ಮೊಮ್ಮಗಳು ಖುಷಿಯಿಂದ ನೋಡಿದಳು. ಕಪಾಟು ಇನ್ನೂ ಇಲ್ಲ. ನನ್ನ ಹಳೆಯ ಕಂಪ್ಯೂಟರ್ ವಾಯರಿನ ಮೇಲೆಯೇ ಇತ್ತು, ಅದಕ್ಕೂ ಕಂಡಿರಲಿಲ್ಲವಲ್ಲ! ಒಂದು ತಪ್ಪು ಸಿಕ್ಕ ಕೂಡಲೇ ಅದೇ ಕೊನೆಯ ತಪ್ಪು ಎಂದು ನಂಬುವುದು ನನ್ನ ಹಳೆಯ ಚಟ.

ಮೂರನೆಯದು ವಿಳಾಸ. ನಿಜವಾದ ಕಥೆ ಇಲ್ಲಿದೆ.

ಮನೆಯ ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ, ಚುಕ್ಕಿ ಇಟ್ಟು ಬರೆದ ನಾಲ್ಕು ಅಂಕಿ. ಕಂಪ್ಯೂಟರಿನ ಕಮ್ಯಾಂಡ್ ಪ್ರಾಂಪ್ಟ್ ಎಂಬ ಕರಿ ಕಿಟಕಿಯಲ್ಲಿ ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಆ ಕಂಪ್ಯೂಟರಿನ ವಿಳಾಸ ಬರುತ್ತದೆ. ನನ್ನದಕ್ಕೆ 192.168.1.7 ಎಂದು ಬಂತು. ಕಪಾಟಿನ ವಿಳಾಸವನ್ನು ನಾನು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದೆ, 192.168.0.50.

"ಎರಡನ್ನೂ ಮಗ್ಗಲ ಮಗ್ಗಲ ಬರಿ, ಏನ ವ್ಯತ್ಯಾಸ ಐತಿ ನೋಡು" ಅಂದೆ.

ತುಸು ಹೊತ್ತಿಗೆ ಕೂಗಿದಳು, "ಮೂರನೇ ಅಂಕಿ! ಒಂದರಾಗ ಸೊನ್ನಿ, ಒಂದರಾಗ ಒಂದು!"

ಸಾಮಾನ್ಯವಾಗಿ ಮನೆಯ ನೆಟ್‌ವರ್ಕಿನಲ್ಲಿ ಮೊದಲ ಮೂರು ಅಂಕಿ ಸೇರಿ ಓಣಿಯ ಹೆಸರು, ನಾಲ್ಕನೆಯದು ಮನೆಯ ನಂಬರು ಎಂದು ತಿಳಿಯಿರಿ. ಹಳೆಯ ಡಬ್ಬಿ ಸೊನ್ನೆಯ ಓಣಿ ನಡೆಸುತ್ತಿತ್ತು, ಹೊಸ ಡಬ್ಬಿ ಒಂದರ ಓಣಿ. ಡಬ್ಬಿ ಬದಲಾದಾಗ ಕಂಪ್ಯೂಟರು, ಟಿವಿ, ಮೊಬೈಲು ಎಲ್ಲ ಹೊಸ ಓಣಿಯ ನಂಬರು ತೆಗೆದುಕೊಂಡವು, ಯಾಕೆಂದರೆ ಅವು ಪ್ರತಿ ಸಲ ಡಬ್ಬಿಯನ್ನೇ ಕೇಳಿ ವಿಳಾಸ ಪಡೆಯುತ್ತವೆ. ಕಪಾಟು ಕೇಳಲಿಲ್ಲ. ಅದರ ವಿಳಾಸ ಎಂದೂ ಬದಲಾಗಬಾರದು ಎಂದು ನಾನೇ ಜಾಣತನದಿಂದ ಅದರೊಳಗೆ ಕೈಯಾರೆ ಬರೆದು ಗಟ್ಟಿ ಮಾಡಿದ್ದೆ.

ನವನಗರಕ್ಕೆ ಬಂದ ಹೊಸದರಲ್ಲಿ ನಮಗೂ ಇದೇ ಆಗಿತ್ತು. ಅಲ್ಲಿ ಓಣಿಗೆ ಹೆಸರಿತ್ತು, ಇಲ್ಲಿ ಸೆಕ್ಟರ್ ನಂಬರು, ಪ್ಲಾಟ್ ನಂಬರು. ಸಂಬಂಧಿಕರು ತಿಂಗಳುಗಟ್ಟಲೆ ಹಳೆಯ ವಿಳಾಸಕ್ಕೇ ಕಾಗದ ಹಾಕಿದರು. ನಮ್ಮ ತಂದೆಯಂತೂ ಹೊಸ ವಿಳಾಸ ಬರೆಯಲು ಒಪ್ಪಲೇ ಇಲ್ಲ. ಮನೆ ಬಿಟ್ಟು ಎಷ್ಟೋ ದಿನ ಆದ ಮೇಲೂ ಕಾಗದದ ಮೂಲೆಯಲ್ಲಿ ಹಳೇ ಓಣಿಯ ಹೆಸರನ್ನೇ ಹಾಕುತ್ತಿದ್ದರು. ಕಪಾಟು ಥೇಟ್ ಅವರಂತೆ. ಊರೆಲ್ಲ ಎದ್ದು ಹೊಸ ಓಣಿಗೆ ಹೋದರೂ ತಾನು ಹಳೇ ಓಣಿಯಲ್ಲೇ ಬಾಗಿಲು ತೆರೆದು ಕೂತಿತ್ತು. ಸಾಮಾನೆಲ್ಲ ಹತ್ತಿರವೇ ಇದೆ, ಬರುವವರಿಲ್ಲ.

ಪಿಂಗ್ ಎಂಬ ಇನ್ನೊಂದು ಅಪ್ಪಣೆ ಇದೆ. ಪಿಂಗ್ ಎಂದು ಬರೆದು, ಜಾಗ ಬಿಟ್ಟು, ವಿಳಾಸ ಕೊಟ್ಟರೆ ಕಂಪ್ಯೂಟರ್ ಆ ಮನೆಯ ಮುಂದೆ ನಿಂತು ಯಾರಿದ್ದೀರಿ ಎಂದು ಕೂಗುತ್ತದೆ. ಇದ್ದರೆ ಓ ಎಂಬ ಉತ್ತರ ಬರುತ್ತದೆ. ಇದನ್ನು 1983ರ ಡಿಸೆಂಬರಿನಲ್ಲಿ ಬರೆದವರು ಅಮೆರಿಕದ ಮೈಕ್ ಮ್ಯೂಸ್. ಜಲಾಂತರ್ಗಾಮಿಗಳು ನೀರಿನೊಳಗೆ ಸದ್ದು ಮಾಡಿ ಪ್ರತಿಧ್ವನಿ ಕೇಳುತ್ತವಲ್ಲ, ಆ ಸದ್ದಿನ ಹೆಸರೇ ಇದಕ್ಕೆ. ನಾವು 192.168.0.50ಕ್ಕೆ ಪಿಂಗ್ ಮಾಡಿದೆವು. ನಾಲ್ಕು ಸಲ ಕೂಗಿತು, ಓ ಬರಲಿಲ್ಲ.

ಮುದುಕರನ್ನು ಕರೆತರಬೇಕಾದರೆ ನಾವೇ ಒಂದು ಸಲ ಹಳೇ ಓಣಿಗೆ ಹೋಗಬೇಕು. ನನ್ನ ಹಳೆಯ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ವಿಳಾಸವನ್ನು ಕೈಯಾರೆ 192.168.0.20 ಎಂದು ಕೊಟ್ಟೆವು, ಸಬ್‌ನೆಟ್ ಮಾಸ್ಕ್ 255.255.255.0. ಇಂಟರ್‌ನೆಟ್ ನಿಂತುಹೋಯಿತು, ಅದು ನಿಲ್ಲಬೇಕಾದದ್ದೇ. ಈಗ ಪಿಂಗ್ ಮಾಡಿದರೆ ನಾಲ್ಕಕ್ಕೆ ನಾಲ್ಕೂ ಓ! ಮೊಮ್ಮಗಳು ಕುರ್ಚಿಯ ಮೇಲೆ ಎದ್ದು ನಿಂತಳು. ಬ್ರೌಸರಿನಲ್ಲಿ ಅದೇ ವಿಳಾಸ ಬರೆದು ಕಪಾಟಿನ ಒಳಪುಟ ತೆರೆದೆವು. ವಿಳಾಸವನ್ನು ಡಬ್ಬಿಯಿಂದ ತಾನೇ ಕೇಳಿ ತೆಗೆದುಕೋ ಎಂದು ಬದಲಿಸಿದೆವು. ಕಂಪ್ಯೂಟರನ್ನೂ ಮೊದಲಿನಂತೆ ಮಾಡಿದೆವು. ಕೊನೆಗೆ ಡಬ್ಬಿಯ ಪುಟದಲ್ಲಿ, ಈ ಕಪಾಟಿಗೆ ಯಾವಾಗಲೂ 192.168.1.50 ಅನ್ನೇ ಕೊಡು ಎಂದು ಕಾಯ್ದಿರಿಸಿದೆವು. ನಂಬರು ಹಂಚುವವರ ಪುಸ್ತಕದಲ್ಲೇ ಬರೆಸಿದರೆ ಯಜಮಾನಿಕೆ ಅವರದೇ ಇರುತ್ತದೆ. ಮುಂದೆ ಡಬ್ಬಿ ಬದಲಾದರೂ ಕಪಾಟು ಹೊಸ ಡಬ್ಬಿಯನ್ನು ಕೇಳಿ ಹೊಸ ಓಣಿಗೆ ತಾನೇ ಬರುತ್ತದೆ.

ಹಳೆಯ ಕಂಪ್ಯೂಟರಿನ ಫೋಲ್ಡರ್ ಕಿಟಕಿಯ ಮೇಲ್ಪಟ್ಟಿಯಲ್ಲಿ \\192.168.1.50 ಎಂದು ಬರೆದೆ. ಎಡಕ್ಕೆ ವಾಲಿದ ಎರಡು ಗೆರೆ ಮರೆಯಬೇಡಿ. ನೆಟ್‌ವರ್ಕ್ ಎಂಬ ಪಟ್ಟಿಯಲ್ಲಿ ಹೆಸರು ಹುಡುಕುವುದಕ್ಕಿಂತ ಇದು ಗಟ್ಟಿ ಉಪಾಯ, ಆ ಪಟ್ಟಿ ಎಷ್ಟೋ ಸಲ ಇದ್ದವರನ್ನೂ ತೋರಿಸುವುದಿಲ್ಲ. ಕಪಾಟು ತೆರೆಯಿತು. 'ಹಳೇ ಮನಿ' ಇತ್ತು.

ಆದರೆ ಪ್ರಾಜೆಕ್ಟ್ ಇದ್ದದ್ದು ಲ್ಯಾಪ್‌ಟಾಪಿನಲ್ಲಿ. ಅದು ಈ ತಿಂಗಳಷ್ಟೇ ಮನೆಗೆ ಬಂದದ್ದು, ಹಿಂದೆ ಕಪಾಟಿನ ಮುಖ ಕಂಡಿರಲಿಲ್ಲ. ಅದರಲ್ಲಿ ಅದೇ ವಿಳಾಸ ಕೊಟ್ಟರೆ ಒಳಗೆ ಬಿಡಲೊಲ್ಲದು. ಓ ಬರುತ್ತದೆ, ಬಾಗಿಲು ತೆರೆಯುವುದಿಲ್ಲ. ಗೊತ್ತಿಲ್ಲದ ಅತಿಥಿಯಾಗಿ, ಗುಪ್ತಪದ ಇಲ್ಲದೆ ಒಳಗೆ ಹೋಗುವುದನ್ನು ನಿಯಮ ತಡೆಯುತ್ತದೆ ಎಂಬ ಅರ್ಥದ ಸಂದೇಶ ಬಂತು.

ತಪ್ಪು ಮತ್ತೆ ನನ್ನದೇ. ಮನೆಯವರೇ ಅಲ್ಲವೇ ಎಂದು ಕಪಾಟಿಗೆ ಬೀಗ ಹಾಕಿರಲಿಲ್ಲ. ಲ್ಯಾಪ್‌ಟಾಪಿನಲ್ಲಿದ್ದದ್ದು ವಿಂಡೋಸ್ 11 ಪ್ರೊ, 2024ರ ಕೊನೆಗೆ ಬಂದ ಆವೃತ್ತಿ. ಆ ಆವೃತ್ತಿಯಿಂದ ಮುಂದೆ ಪ್ರತಿ ಮಾತಿಗೂ ಸಹಿ ಬೇಕು ಎಂಬ ನಿಯಮ ಬಂದಿದೆ. ಗುಪ್ತಪದವೇ ಇಲ್ಲದ ಅತಿಥಿ ಯಾವುದರಿಂದ ಸಹಿ ಹಾಕಬೇಕು?

ಕಾಕಾ ಮೊಬೈಲಿನಲ್ಲಿ ಒಂದು ವಿಡಿಯೊ ಹುಡುಕಿದ. ಈ ನಿಯಮ ತೆಗೆದುಹಾಕಿ, ಎಸ್‌ಎಂಬಿ 1 ಎಂಬುದನ್ನು ಚಾಲೂ ಮಾಡಿ, ಎರಡು ನಿಮಿಷದ ಕೆಲಸ ಎಂದು ಅದರಲ್ಲಿ ಹೇಳುತ್ತಿದ್ದರು. ಈ ಸಲ ನಾನು ಬೇಡ ಅಂದೆ. ಎಸ್‌ಎಂಬಿ ಎಂದರೆ ಕಂಪ್ಯೂಟರುಗಳು ಒಂದರ ಕಡತ ಇನ್ನೊಂದು ಕೇಳಿ ಪಡೆಯುವ ಭಾಷೆ. 1980ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ಹುಟ್ಟಿದ್ದು. ಅದರ ಮೊದಲ ರೂಪದಲ್ಲಿದ್ದ ಒಂದು ಕಿಂಡಿಯಿಂದ ನುಗ್ಗಿಯೇ 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ದೇಶದೇಶಗಳ ಕಂಪ್ಯೂಟರುಗಳನ್ನು ಕಟ್ಟಿಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸುವಂತಾಯಿತು. ಕಿಂಡಿ ಮುಚ್ಚುವ ತೇಪೆ ಎರಡು ತಿಂಗಳು ಮೊದಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಯಿಂದ ಹೊಸ ವಿಂಡೋಸಿನಲ್ಲಿ ಎಸ್‌ಎಂಬಿ 1 ಬಾಗಿಲು ಮುಚ್ಚಿಯೇ ಬರುತ್ತದೆ.

ಹಾಗಾಗಿ ಲ್ಯಾಪ್‌ಟಾಪಿನ ನಿಯಮ ಸಡಿಲ ಮಾಡಲಿಲ್ಲ, ಕಪಾಟಿಗೇ ಬೀಗ ಹಾಕಿದೆವು. ಒಳಪುಟದಲ್ಲಿ ಅಜ್ಜ, ಆಯಿ, ಮೊಮ್ಮಗಳು ಎಂದು ಬೇರೆ ಬೇರೆ ಹೆಸರು, ಬೇರೆ ಬೇರೆ ಗುಪ್ತಪದ. 'ಹಳೇ ಮನಿ' ಫೋಲ್ಡರನ್ನು ಎಲ್ಲರೂ ನೋಡಬಹುದು, ಅಳಿಸುವ ಅಧಿಕಾರ ನನಗೂ ಇಲ್ಲದಂತೆ ಮಾಡಿದೆ. ಆಯಿ ತನ್ನ ಗುಪ್ತಪದ ಯಾರಿಗೂ ಹೇಳಿಲ್ಲ. ನನಗೂ.

ಕಪಾಟು ಬೀಗ ಹಾಕಿಕೊಂಡು ಏಳುವಷ್ಟರಲ್ಲಿ ಮೊಮ್ಮಗಳಿಗೆ ಒಂದು ಆಟ ಕೊಟ್ಟೆ, ನೀವೂ ಆಡಿ. ಆಸ್ಟ್ರೇಲಿಯಾದ ಕ್ಯಾನ್ಬೆರಾದಲ್ಲಿ ಓದುತ್ತಿದ್ದ ಆಂಡ್ರೂ ಟ್ರಿಜೆಲ್, ಬೇರೆ ಬಗೆಯ ಕಂಪ್ಯೂಟರುಗಳೂ ಎಸ್‌ಎಂಬಿ ಭಾಷೆ ಮಾತಾಡುವಂಥ ತಂತ್ರಾಂಶ ಬರೆದರು, 1991-92ರಲ್ಲಿ. ಹೆಸರಿಡಲು ಕಂಪ್ಯೂಟರಿನ ಇಂಗ್ಲಿಷ್ ಪದಪಟ್ಟಿಯಲ್ಲಿ ಎಸ್, ಎಂ, ಬಿ ಇದೇ ಕ್ರಮದಲ್ಲಿ ಬರುವ ಪದ ಹುಡುಕಿದರು. ಸಿಕ್ಕಿದ್ದು ಸಾಂಬಾ, ಬ್ರೆಜಿಲ್ ದೇಶದ ಕುಣಿತದ ಹೆಸರು. ಇಂಥ ಪೆಟ್ಟಿಗೆಗಳಲ್ಲಿ ಬಹಳಷ್ಟರೊಳಗೆ ಕೆಲಸ ಮಾಡುವುದು ಆ ಸಾಂಬಾವೇ. ಕನ್ನಡದಲ್ಲಿ ಸ, ಮ, ಬ ದನಿಗಳು ಅದೇ ಕ್ರಮದಲ್ಲಿ ಬರುವ ಪದ ಎಷ್ಟು ಸಿಗುತ್ತವೆ? ಸೊನ್ನೆಯನ್ನು ಮ ಎಂದು ಎಣಿಸಬಹುದು. ಆಯಿ ತಕ್ಷಣ "ಸಾಂಬಾರ" ಅಂದಳು. ಕಾಕಾ "ಸಂಬಳ" ಅಂದ. ಮೊಮ್ಮಗಳು ಹೊತ್ತು ತೆಗೆದುಕೊಂಡು "ಸಂಬಂಧ" ಅಂದಳು.

ಲ್ಯಾಪ್‌ಟಾಪಿನಲ್ಲಿ ಹೆಸರು, ಗುಪ್ತಪದ ಕೊಟ್ಟಳು. ತೆರೆಯಿತು. ಅವಳು ಆರಿಸಿದ್ದು ಮುಂಬಾಗಿಲ ಫೋಟೊ. ಹೊಸ್ತಿಲ ಮೇಲೆ ಐದು ವರ್ಷದ ಅವಳಪ್ಪ ಚಡ್ಡಿ ಜಗ್ಗಿಕೊಂಡು ನಿಂತಿದ್ದಾನೆ, ಹಿಂದೆ ತಂದೆಯವರ ಕೊಡೆ ಮೊಳೆಗೆ ತೂಗುತ್ತಿದೆ. "ಈ ಬಾಗಲಾ ಈಗ ಎಷ್ಟ ನೀರಾಗ ಐತಿ ಅಜ್ಜಾ?" ಎಂದು ಕೇಳಿದಳು. ಬೇಸಿಗೆಯಲ್ಲಿ ನೀರು ಇಳಿದಾಗ ಜಾಗ ತೋರಿಸುತ್ತೇನೆ ಅಂದೆ. ಬಾಗಿಲು ನಾವೇ ಬಿಚ್ಚಿ ತಂದೆವು, ಈಗ ನಮ್ಮ ಹಿತ್ತಲ ಬಾಗಿಲು ಅದೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಓಡಿಹೋಗಿ ಮುಟ್ಟಿ ಬಂದಳು.

ಒಂದು ಮಾತು ಉಳಿಯಿತು. ಕಪಾಟಿನಲ್ಲಿ ಎರಡು ಡಿಸ್ಕ್ ಇದ್ದರೆ ಎರಡು ಪ್ರತಿ ಇದೆ ಎಂದು ನಿಶ್ಚಿಂತೆ ಬೇಡ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕಾಯುತ್ತದೆ, ನಿಜ. ಆದರೆ ಅಪ್ಪಿತಪ್ಪಿ ಅಳಿಸಿದರೆ ಎರಡರಿಂದಲೂ ಒಟ್ಟಿಗೆ ಹೋಗುತ್ತದೆ, ಸಿಡಿಲು ಬಡಿದರೂ ಅಷ್ಟೆ. ಆದ್ದರಿಂದ ಅದೇ ಸಂಜೆ ಬೇರೊಂದು ಯುಎಸ್‌ಬಿ ಡಿಸ್ಕಿಗೆ ಎಲ್ಲವನ್ನೂ ಇಳಿಸಿದೆವು. ಅದು ಈ ಮನೆಯಲ್ಲಿ ಇರಬಾರದು ಎಂದು ಇಳಕಲ್ಲಿಗೆ ಫೋನ್ ಮಾಡಿದೆ.

"ತಂಗೆವ್ವಾ, ನಿಮ್ಮನಿ ಟ್ರೇಜರಿಯೊಳಗ ಒಂದು ಸಣ್ಣ ಡಬ್ಬಿ ಇಡಾಕ ಜಾಗಾ ಐತೇನು?"

"ಐತಿ ಅಣ್ಣಾ. ಏನೈತಿ ಅದರಾಗ, ಬಂಗಾರಾ?"

"ನಮ್ಮ ಹಳೇ ಮನಿ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಗ್ಗದ ಸದ್ದು ಮಾತ್ರ ಕೇಳಿತು. ಆಮೇಲೆ, "ರವಿವಾರ ಊಟಕ್ಕ ಬಂದಬಿಡ್ರಿ, ವೈನೀನೂ ಕರಕೊಂಡ ಬಾ" ಅಂದಳು.